ಹೊಸ ಕಾಂಪೋಸಿಟ್ ಹಾಕಿ ಸ್ಟಿಕ್ ತಲೆಭಾರ ಅನ್ನಿಸ್ತಿದೆ: ಹ್ಯಾಂಡಲ್‌ಗೆ ಸೀಸ ಹಾಕಿಸಲಾ, ಗ್ರಿಪ್ ಬದಲಿಸಲಾ?

ಲೆಫ್ಟ್‌ಹಾಫ್_ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಕೆಲಸ ಬೆಂಗಳೂರಲ್ಲಿ, ಊರು ಗೋಣಿಕೊಪ್ಪದ ಹತ್ರ. ವಾರಾಂತ್ಯ ಟರ್ಫ್ ಸಿಕ್ಕಿದರೆ ಆಡ್ತೀನಿ. ಏಪ್ರಿಲ್-ಮೇ ಬಂದರೆ ಕೊಡವ ಮನೆತನಗಳ ಕೌಟುಂಬಿಕ ಹಾಕಿಯಲ್ಲಿ ನಮ್ಮ ಒಕ್ಕದ (ಮನೆತನದ) ಟೀಮಿಗೆ ಲೆಫ್ಟ್ ಹಾಫ್.

ಇಷ್ಟು ವರ್ಷ ಕೈಯಲ್ಲಿದ್ದಿದ್ದು ಮರದ ಸ್ಟಿಕ್. ಅದರ ಹೆಡ್ ಸೀಳು ಬಿಟ್ಟಿತು ಅಂತ ಈಗ ಕಾಂಪೋಸಿಟ್ (ನಾರು, ರೆಸಿನ್ ಅಂಟು ಸೇರಿಸಿ ಮಾಡಿದ್ದು) ತಗೊಂಡೆ. 36.5 ಇಂಚು, ಲೋ ಬೋ (ಬಾಗು ಹೆಡ್ ಹತ್ರ ಇರೋದು), ಕಾರ್ಬನ್ ಜಾಸ್ತಿ ಇರೋದು. ಅಂಗಡಿಯವರು ಕಂಪನಿ ಗ್ರಿಪ್ ಮೇಲೆ ಇನ್ನೊಂದು ದಪ್ಪ ಕುಶನ್ ಗ್ರಿಪ್ ಸುತ್ತಿ ಕೊಟ್ಟರು, "ಕೈಗೆ ಝುಮ್ ಅನ್ನಲ್ಲ" ಅಂತ.

ಈಗ ಪ್ರಾಬ್ಲಂ ಏನಂದ್ರೆ, ರಿವರ್ಸ್‌ಗೆ (ಹೆಡ್ ಮಗುಚಿ ಆಡೋಕೆ) ತಿರುಗಿಸುವಾಗ ಸ್ಟಿಕ್ ಒಂದು ಕ್ಷಣ ತಡವಾಗಿ ಬರುತ್ತೆ. ಅರ್ಧ ಗಂಟೆ ಆಡಿದ ಮೇಲೆ ಎಡ ಮಣಿಕಟ್ಟು ಹಿಡ್ಕೊಳ್ಳುತ್ತೆ. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ನೋಡಿದೆ: ಹೊಸದು 545 ಗ್ರಾಂ, ಬೆರಳ ಮೇಲೆ ನಿಲ್ಲೋದು ಹೆಡ್ ತುದಿಯಿಂದ 38 ಸೆಂ.ಮೀ.ನಲ್ಲಿ. ಹಳೇ ಮರದ್ದು 570 ಗ್ರಾಂ, ನಿಲ್ಲೋದು 41 ಸೆಂ.ಮೀ.ನಲ್ಲಿ. ಹಗುರ ಇರೋ ಸ್ಟಿಕ್ಕೇ ಭಾರ ಅನ್ನಿಸ್ತಿದೆ!

ಗೆಳೆಯ ಒಬ್ಬ ಹೇಳ್ತಾನೆ, ಹ್ಯಾಂಡಲ್ ಕ್ಯಾಪ್ ತೆಗೆದು ಗಾಳಕ್ಕೆ ಕಟ್ಟೋ ಸೀಸದ ಗುಂಡು ನಾಲ್ಕು ಹಾಕಿ ಎಂ-ಸೀಲ್ ಮೆತ್ತಿಬಿಡು, ಬ್ಯಾಲೆನ್ಸ್ ಮೇಲಕ್ಕೆ ಬರುತ್ತೆ ಅಂತ. ಮಾಡಬಹುದಾ? ನಿಯಮದಲ್ಲಿ ತೊಂದರೆ ಇದೆಯಾ?

ಟರ್ಫ್‌ಹುಡುಗ

ಅಣ್ಣ, ಧೈರ್ಯವಾಗಿ ಹಾಕ್ಸಿ. ನಮ್ಮ ಹಾಸ್ಟೆಲಲ್ಲಿ ಸೀನಿಯರ್ಸ್ ಮಾಡ್ಸಿದ್ರು. ಟೆನಿಸ್‌ನೋರು ರ‍್ಯಾಕೆಟ್‌ಗೆ ಸೀಸದ ಟೇಪ್ ಅಂಟಿಸಲ್ವಾ, ಅದೇ ಲೆಕ್ಕ. ತೂಕ 737 ಗ್ರಾಂ ದಾಟಬಾರದು ಅಷ್ಟೆ, ನಿಮ್ದು ಅದರ ಹತ್ರಾನೂ ಇಲ್ಲ.

ಹಳೇ_ಫುಲ್‌ಬ್ಯಾಕ್

ತಮ್ಮಾ, ಕ್ಯಾಪ್ ತೆಗೀಬೇಡ. ಮೊದಲು ಇದನ್ನ ಪೂರ್ತಿ ಓದು.

ನಾನು ಆಡಿದ್ದು ವಿರಾಜಪೇಟೆ ಕಡೆ ಮಣ್ಣಿನ ಮೈದಾನದಲ್ಲಿ. ಈಗ ಮಂಡಿ ಕೈಕೊಟ್ಟಿದೆ. ಊರ ಹುಡುಗರ ಸ್ಟಿಕ್ಕಿಗೆ ಗ್ರಿಪ್ ಸುತ್ತಿಕೊಡೋದೊಂದು ಚಟ ಮಾತ್ರ ಉಳಿದಿದೆ. ಮಾರ್ಚ್ ಬಂತು ಅಂದ್ರೆ ನಮ್ಮ ಜಗಲಿ ತುಂಬಾ ಸ್ಟಿಕ್ಕೇ. 1997ರಲ್ಲಿ ಕೊಡಗಿನ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೌಟುಂಬಿಕ ಹಾಕಿ ಶುರು ಮಾಡಿದ ಕಾಲಕ್ಕೆ ಜಗಲಿಗೆ ಬರ್ತಿದ್ದಿದ್ದೆಲ್ಲ ಮರದ್ದು: ಹಿಪ್ಪುನೇರಳೆ ಮರದ ಹೆಡ್, ಬೆತ್ತದ ಹ್ಯಾಂಡಲ್, ಜಲಂಧರ್ ಅಥವಾ ಮೀರತ್ ಮಾಲು. 2024ರಲ್ಲಿ ಕುಂಡ್ಯೋಳಂಡ ಒಕ್ಕದವರು ನಾಪೋಕ್ಲಲ್ಲಿ ನಡೆಸಿದಾಗ 360 ತಂಡ. ಅಷ್ಟರಲ್ಲಿ ಮರದ ಸ್ಟಿಕ್ ಅನ್ನೋದನ್ನ ಹುಡುಕಿ ನೋಡಬೇಕಾಗಿತ್ತು. ಅದಕ್ಕೇ ನಿನ್ನ ದೂರು ನನಗೆ ಹೊಸದಲ್ಲ. ಮರದಿಂದ ಕಾರ್ಬನ್‌ಗೆ ಬಂದೋರೆಲ್ಲ ಮೊದಲ ವಾರ "ತಲೆಭಾರ, ತಲೆಭಾರ" ಅಂತಾನೇ ಬರ್ತಾರೆ.

ನೀನು ಅಳೆದು ಹೇಳಿದ್ದು ಒಳ್ಳೇದಾಯ್ತು. ನಿನ್ನ ಲೆಕ್ಕವನ್ನೇ ಇಟ್ಕೊಳ್ಳೋಣ. ಹ್ಯಾಂಡಲ್ ತುದಿಗೆ 32 ಗ್ರಾಂ ಸೀಸ ಇಳಿಸಿದರೆ ಬ್ಯಾಲೆನ್ಸ್ ಪಾಯಿಂಟ್ 38ರಿಂದ 41ಕ್ಕೆ ಬರುತ್ತೆ. ಹಳೇ ಸ್ಟಿಕ್ಕಿನ ಜಾಗಕ್ಕೇ ಬಂತು ಅಂತ ನಿನ್ನ ಗೆಳೆಯ ಮೀಸೆ ತಿರುವಬಹುದು. ಆದರೆ ಆಡುವಾಗ ಸ್ಟಿಕ್ ಬೆರಳ ಮೇಲೆ ಇರಲ್ಲ, ಎಡಗೈಯಲ್ಲಿ ಇರುತ್ತೆ. ಮುಷ್ಟಿಯ ನಡು ಭಾಗ ಹೆಡ್ ತುದಿಯಿಂದ 88 ಸೆಂ.ಮೀ.ನಲ್ಲಿದೆ ಅಂದ್ಕೋ. ಅಲ್ಲಿಂದ ಬ್ಯಾಲೆನ್ಸ್ ಪಾಯಿಂಟಿಗೆ 50 ಸೆಂ.ಮೀ. 545ನ್ನ 50ರಿಂದ ಗುಣಿಸು, 27,250. ಸ್ಟಿಕ್ ಅಡ್ಡ ಚಾಚಿದಾಗ ನಿನ್ನ ಮಣಿಕಟ್ಟಿನ ಮೇಲೆ ಬೀಳೋ ಜಗ್ಗು ಅದು. ಹಳೇ ಸ್ಟಿಕ್ಕಿಗೆ 570 × 47 = 26,790. ಸೀಸ ಹಾಕಿದ ಮೇಲೆ ಹೊಸದಕ್ಕೆ 577 × 47 = 27,119. ಇಷ್ಟೆಲ್ಲ ಗುದ್ದಾಡಿ ಇಳಿದಿದ್ದು ನೂರಕ್ಕೆ ಅರ್ಧವೂ ಇಲ್ಲ! ಯಾಕಂದ್ರೆ ಸೀಸ ಕೂತಿರೋದು ನಿನ್ನ ಮುಷ್ಟಿ ಪಕ್ಕದಲ್ಲೇ. ಕಾಡುಕತ್ತಿ ಹಿಡಿಗೆ ಭಾರ ಕಟ್ಟಿದರೆ ಅಲಗು ಹಗುರ ಆಗುತ್ತಾ?

ಈಗ ಎಡಗೈನ ಒಂದೇ ಒಂದು ಸೆಂ.ಮೀ. ಕೆಳಗೆ ಹಿಡಿ. 545 × 49 = 26,705. ಹಳೇ ಸ್ಟಿಕ್ಕಿಗಿಂತ ಕಮ್ಮಿ ಬಂತು. ಖರ್ಚು ಸೊನ್ನೆ.

ಟೆನಿಸ್ ರ‍್ಯಾಕೆಟ್ ಮಾತು ಎತ್ತಿದ ಹುಡುಗನಿಗೂ ಒಂದು ಮಾತು. ಹಾಕಿಯಲ್ಲಿ ಸ್ಟಿಕ್ ಬೀಸೋದಕ್ಕಿಂತ ತಿರುಗಿಸೋದು ಜಾಸ್ತಿ. ಸ್ಟಿಕ್ಕಿಗೆ ಚಪ್ಪಟೆ ಮೈ ಒಂದೇ, ಅದೂ ಎಡಭಾಗದಲ್ಲಿ; ದುಂಡು ಬೆನ್ನಲ್ಲಿ ಚೆಂಡು ಆಡೋ ಹಾಗಿಲ್ಲ. ರಿವರ್ಸ್‌ಗೆ ಹೋಗಬೇಕಂದ್ರೆ ಸ್ಟಿಕ್ಕನ್ನ ಅದರ ಉದ್ದದ ಸುತ್ತಲೇ ತಿರುಚಬೇಕು. ಹಾಗೆ ತಿರುಚುವಾಗ ಬ್ಯಾಲೆನ್ಸ್ ಪಾಯಿಂಟ್ 38ರಲ್ಲಿದೆಯೋ 41ರಲ್ಲಿದೆಯೋ, ಅದು ಲೆಕ್ಕಕ್ಕೇ ಬರಲ್ಲ. ಲೆಕ್ಕಕ್ಕೆ ಬರೋದು ಎಡಗೈ ಬೆರಳು ಹ್ಯಾಂಡಲ್ಲನ್ನ ಪೂರ್ತಿ ಬಳಸಿ ಹಿಡಿದಿದೆಯಾ, ಮತ್ತೆ ಬಲಗೈ ಒಳಗೆ ಸ್ಟಿಕ್ ಸರಾಗವಾಗಿ ತಿರುಗುತ್ತಾ, ಇವೆರಡೇ. ನಿನಗೆ "ಒಂದು ಕ್ಷಣ ತಡ" ಆಗ್ತಿರೋದು ಇಲ್ಲಿ. ಎರಡು ಗ್ರಿಪ್ ಒಂದರ ಮೇಲೊಂದು, ಮೇಲಿನದು ಕುಶನ್. ಎಡಗೈ ಬೆರಳು ಸುತ್ತು ಮುಗಿಸ್ತಿಲ್ಲ, ಬಲಗೈ ಅಂಟಿಕೊಂಡು ಬಿಡ್ತಾನೇ ಇಲ್ಲ.

ನನ್ನ ಕೈಗೆ ಕೊಟ್ಟಿದ್ರೆ ಹೀಗೆ ಮಾಡ್ತಿದ್ದೆ. ಎರಡೂ ಗ್ರಿಪ್ ಕಿತ್ತು ಹಾಕೋದು. ಒಳಗೆ ಉಳಿದ ಗಮ್ಮಿಗೆ ತೆಂಗಿನೆಣ್ಣೆ ಸವರಿ ಅರ್ಧ ಗಂಟೆ ಬಿಟ್ಟು ಬಟ್ಟೆಯಿಂದ ಉಜ್ಜಿದರೆ ಉಂಡೆ ಉಂಡೆಯಾಗಿ ಬರುತ್ತೆ. ಥಿನ್ನರ್ ಹಚ್ಚಬೇಡ, ರೆಸಿನ್ ಹಾಳಾಗುತ್ತೆ. ಸೋಪು ನೀರಲ್ಲಿ ಒರೆಸಿ ಚೆನ್ನಾಗಿ ಒಣಗಿಸು, ಎಣ್ಣೆ ಪಸೆ ಉಳಿದರೆ ಹೊಸ ಗ್ರಿಪ್ ನಿಲ್ಲಲ್ಲ. ಆಮೇಲೆ ತೆಳು ಗ್ರಿಪ್ ಒಂದೇ ಒಂದು. ಹೆಡ್ಡನ್ನ ಮೊಣಕಾಲ ಮಧ್ಯೆ ಸಿಕ್ಕಿಸ್ಕೊಂಡು ಕೂತು, ಓರೆ ಕತ್ತರಿಸಿದ ತುದಿಯನ್ನ ಹ್ಯಾಂಡಲ್ ಮೇಲ್ತುದಿಗೆ ಅಂಟಿಸಿ, ಸ್ವಲ್ಪ ಜಗ್ಗಿ ಹಿಡಿದೇ ಸುತ್ತಬೇಕು. ಸುತ್ತಿನ ಮೇಲೆ ಸುತ್ತು ಮೂರ್ನಾಲ್ಕು ಮಿ.ಮೀ. ಏರಿರಲಿ. ಜಗ್ಗದೆ ಸುತ್ತಿದರೆ ಎರಡನೇ ಮ್ಯಾಚಿಗೇ ಸುಕ್ಕು ಬೀಳುತ್ತೆ. ಎಡಗೈ ಕೂರೋ ಮೇಲಿನ ಗೇಣು ಜಾಗ ಕೈತುಂಬ ಇದ್ದರೆ ಅಡ್ಡಿಯಿಲ್ಲ, ಬೇಕಾದ್ರೆ ತುತ್ತತುದಿಗೆ ಗ್ರಿಪ್ ಒಳಗೆ ಬಟ್ಟೆ ಟೇಪಿನ ಎರಡು ಸುತ್ತು ಕೊಟ್ಟು ಸಣ್ಣ ಏಣು ಮಾಡ್ಕೋ, ಕೈ ಜಾರಿ ಹೋಗಲ್ಲ. ಬಲಗೈ ಓಡಾಡೋ ಜಾಗ ಮಾತ್ರ ತೆಳ್ಳಗೇ ಇರಬೇಕು.

ನಿಯಮ ಕೇಳಿದೆಯಲ್ಲ. ಗ್ರಿಪ್, ಟೇಪು ಎಲ್ಲ ಸೇರಿ 737 ಗ್ರಾಂ ಒಳಗೆ, 51 ಮಿ.ಮೀ. ಒಳವ್ಯಾಸದ ಬಳೆಯೊಳಗೆ ತೂರಬೇಕು, ಎಲ್ಲೂ ಚೂಪು-ಒರಟು ಇರಬಾರದು. ಕಾರ್ಬನ್ ಹ್ಯಾಂಡಲ್ ಒಳಗೆ ಟೊಳ್ಳು. ಸೀಸದ ಗುಂಡು ಎಂ-ಸೀಲ್ ಬಿಟ್ಟು ಒಳಗೆ ಗಲಗಲ ಅನ್ನೋಕೆ ಶುರುವಾದ್ರೆ ಅಂಪೈರ್ ಬಿಡ್ತಾರಾ ಅಂತ ನೀನೇ ಯೋಚನೆ ಮಾಡು.

ಇನ್ನು ಲೋ ಬೋ. ಅದನ್ನ ನಿನ್ನ ತಲೆಗೆ ಯಾರು ಕಟ್ಟಿದರೋ! ನಮ್ಮ ವಿ.ಆರ್. ರಘುನಾಥ್ ಥರ ಪೆನಾಲ್ಟಿ ಕಾರ್ನರಲ್ಲಿ ಡ್ರ್ಯಾಗ್ ಫ್ಲಿಕ್ (ಚೆಂಡನ್ನ ಎಳೆದು ಎಸೆಯೋದು) ಮಾಡೋರಿಗೆ ಆ ಬಾಗು ಬೇಕು, ಚೆಂಡು ಸ್ಟಿಕ್ಕಿಗೆ ಅಂಟ್ಕೊಂಡು ಬರುತ್ತೆ. ಲೆಫ್ಟ್ ಹಾಫಿಗೆ ಟ್ರ್ಯಾಪ್ ಮಾಡೋದು (ಬಂದ ಚೆಂಡನ್ನ ತಡೆದು ನಿಲ್ಲಿಸೋದು), ಉದ್ದ ಪಾಸ್ ಹೊಡೆಯೋದು ಮುಖ್ಯ. ಲೋ ಬೋದಲ್ಲಿ ನೇರ ಹೊಡೆತ ಸ್ವಲ್ಪ ತಪ್ಪಿದ್ರೂ ಚೆಂಡು ಮೇಲಕ್ಕೆ ಹಾರುತ್ತೆ. ಮೇಜಿನ ಮೇಲೆ ಚಪ್ಪಟೆ ಮೈ ಕೆಳಗಾಗಿ ಮಲಗಿಸಿ ಸಂದು ಅಳೆದು ನೋಡು. 25 ಮಿ.ಮೀ. ಮೀರಬಾರದು, ಆ ಸಂದಿನ ಅತಿ ಎತ್ತರದ ಜಾಗ ಹೆಡ್ ಬುಡದಿಂದ 200 ಮಿ.ಮೀ.ಗಿಂತ ಕೆಳಗೆ ಇರಬಾರದು. ಮುಂದಿನ ಸಲ ಮಿಡ್ ಬೋ (ಬಾಗು ಇನ್ನೂ ಮೇಲೆ, ನಡುವಿಗೆ ಇರೋದು) ತಗೋ.

ಅಂಡರ್14_ಅಮ್ಮ

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಮಗಳಿಗೆ ಹದಿಮೂರು. ಅವಳಣ್ಣನ 36.5ರ ಕಾಂಪೋಸಿಟ್ ಸ್ಟಿಕ್ ಮನೇಲಿ ಸುಮ್ನೆ ಬಿದ್ದಿದೆ. ಮೇಲಿಂದ ಎರಡು ಇಂಚು ಕೊಯ್ಸಿ ಕೊಡಬಹುದಾ ಅಂಕಲ್?

ಹಳೇ_ಫುಲ್‌ಬ್ಯಾಕ್

ಬೇಡಮ್ಮ. ಮರದ್ದಾಗಿದ್ರೆ ಹೂಂ ಅಂತಿದ್ದೆ. ಕಾರ್ಬನ್ ಕೊಯ್ದರೆ ನಾರು ಬಿಚ್ಕೊಳ್ಳುತ್ತೆ, ಆ ಪುಡಿ ಮೂಗಿಗೆ ಹೋಗೋದೂ ಒಳ್ಳೇದಲ್ಲ. ಅಲ್ಲದೆ ಸ್ಟಿಕ್ ಕೆಳಗೆ ಹೋದಂಗೆ ಅಗಲ ಆಗುತ್ತೆ. ಎರಡು ಇಂಚು ಹೋದರೆ ಆ ಮಗುವಿನ ಬಲಗೈ ಬೀಳೋದು ಅಗಲದ ಜಾಗದಲ್ಲಿ. ಸ್ಟಿಕ್ ಪಕ್ಕದಲ್ಲಿ ನಿಲ್ಲಿಸಿದರೆ ಸೊಂಟದ ಮೂಳೆವರೆಗೆ ಬರಬೇಕು, ಆ ಅಳತೆಯದ್ದೇ ಕೊಡ್ಸಿ. ದುಬಾರಿ ಕಾರ್ಬನ್ ಬೇಡ, ಫೈಬರ್ ಗ್ಲಾಸ್ ಜಾಸ್ತಿ ಇರೋದು ಕೈಗೂ ಮೆದು, ಟ್ರ್ಯಾಪ್ ಕಲಿಯೋಕೂ ಸುಲಭ.

ಆಮ್ಸ್ಟೆಲ್‌ವೀನ್_ಕನ್ನಡಿಗ

ನೆದರ್ಲೆಂಡ್ಸ್‌ನಿಂದ ಬರೀತಿದ್ದೀನಿ. ಮಗ ಇಲ್ಲಿನ ಕ್ಲಬ್ಬಲ್ಲಿ ಆಡ್ತಾನೆ. ಮಳೆ ಅಂತ ಯಾರೂ ಆಟ ನಿಲ್ಲಿಸಲ್ಲ. ನೋಡಿದ ಮಟ್ಟಿಗೆ ಹೇಳೋದಾದ್ರೆ, ನುಣ್ಣಗಿನ ಪಿ.ಯು. (ಪಾಲಿಯುರೆಥೇನ್) ಗ್ರಿಪ್ ನೀರು ಬಿದ್ದ ತಕ್ಷಣ ಜಾರುತ್ತೆ. ತೆಳು ಚರ್ಮದ ಹಾಗಿರೋ ಶಾಮಿ ಗ್ರಿಪ್ ಒದ್ದೆಯಾದಷ್ಟೂ ಹಿಡಿತ ಜಾಸ್ತಿ. ಮ್ಯಾಚಿಗೆ ಮುಂಚೆ ಬಾಟಲಿ ನೀರು ಹಾಕಿ ತಾವೇ ಒದ್ದೆ ಮಾಡ್ಕೊಳ್ಳೋ ಮಕ್ಕಳೂ ಇದ್ದಾರೆ.

ಒಂದು ಅನುಮಾನ ಸರ್. ಮೇಲಿಂದ ಕೆಳಗೆ ಸುತ್ತಿದ್ರೆ ಗ್ರಿಪ್ ಅಂಚುಗಳೆಲ್ಲ ಮೇಲ್ಮುಖ ಆಗುತ್ತಲ್ಲ? ಬಲಗೈ ಕೆಳಕ್ಕೆ ಜಾರಿಸುವಾಗ ತಡೆಯಲ್ವಾ?

ಹಳೇ_ಫುಲ್‌ಬ್ಯಾಕ್

ಒಳ್ಳೇ ಕಣ್ಣು ನಿಮ್ದು. ತಡೆಯುತ್ತೆ, ದಪ್ಪ ಗ್ರಿಪ್ಪಾದ್ರೆ ಗೊತ್ತಾಗೋ ಅಷ್ಟು. ತೆಳು ಶಾಮಿಯಲ್ಲಿ ಗೊತ್ತಾಗಲ್ಲ. ಕೆಳಗಿಂದ ಮೇಲಕ್ಕೆ ಸುತ್ತೋರೂ ಇದ್ದಾರೆ, ಆದರೆ ಆಗ ಮುಗಿಸೋ ಟೇಪು ಎಡಗೈ ಅಂಗೈ ಕೆಳಗೇ ಬರುತ್ತೆ, ಬೆವರಿಗೆ ಸುಲಿದು ಬರುತ್ತೆ. ನನಗೆ ಮೇಲಿಂದ ಸುತ್ತೋದೇ ಸರಿ.

ಶಾಮಿ ಬಗ್ಗೆ ನೀವು ಹೇಳಿದ್ದು ಖರೆ. ನಮ್ಮ ಕಡೆ ಇರೋ ಪೀಡೆ ಬೇರೆ: ಜೂನ್‌ನಲ್ಲಿ ಕಿಟ್‌ಬ್ಯಾಗಿಗೆ ತುರುಕಿ ಅಟ್ಟಕ್ಕೆ ಎಸೆದ ಸ್ಟಿಕ್ ಆಗಸ್ಟ್‌ನಲ್ಲಿ ತೆಗೆದರೆ ಗ್ರಿಪ್ ಮೇಲೆ ಬಿಳೀ ಬೂಷ್ಟು ಬಂದಿರುತ್ತೆ, ವಾಸನೆ ಕೇಳಲೇಬೇಡಿ. ಬ್ಯಾಗಿಂದ ತೆಗೆದು ಗೋಡೆಗೆ ಒರಗಿಸಿಡಿ. ಒಲೆ ಹತ್ರ ಬೇಡ, ಬಿಸಿಗೆ ರೆಸಿನ್ ಮೆತ್ತಗಾಗುತ್ತೆ.

ಲೆಫ್ಟ್‌ಹಾಫ್_ಬೆಂಗಳೂರು

ಅಂಕಲ್, ಎರಡೂ ಗ್ರಿಪ್ ಕಿತ್ತು ತೆಳು ಶಾಮಿ ಒಂದೇ ಸುತ್ತಿದೆ. ತೆಂಗಿನೆಣ್ಣೆ ನಿಜವಾಗ್ಲೂ ಕೆಲಸ ಮಾಡ್ತು. ಈಗ 525 ಗ್ರಾಂ. ಆದರೆ ಬೆರಳ ಮೇಲೆ ಇಟ್ರೆ 36.5 ಸೆಂ.ಮೀ.ಗೆ ಇಳಿದಿದೆ, ಅಂದ್ರೆ ಇನ್ನೂ ತಲೆಭಾರ ಆಗಬೇಕಿತ್ತು. ನಿನ್ನೆ ಆಡಿದೆ, ರಿವರ್ಸ್ ಥಟ್ ಅಂತ ಬರ್ತಿದೆ, ಮಣಿಕಟ್ಟೂ ಸುಮ್ನಿದೆ. ಏನಿದು ಮಾಯೆ?

ಹಳೇ_ಫುಲ್‌ಬ್ಯಾಕ್

ಮಾಯೆ ಎಂಥದ್ದೂ ಇಲ್ಲ, ಮತ್ತೆ ಗುಣಿಸು. 525 × 51.5, ಸುಮಾರು 27,040. ಮೊದಲು 27,250 ಇತ್ತು. ಮೇಲಿನ ಭಾರ ತೆಗೆದಿದ್ದಕ್ಕೆ ಪಾಯಿಂಟ್ ಕೆಳಗಿಳೀತು, ಕೈಗೆ ಬೀಳೋ ಜಗ್ಗು ಕಮ್ಮೀನೇ ಆಯ್ತು. ಅದೂ ಸಣ್ಣದೇ ಬಿಡು, ನಿನಗೆ ಸುಖ ಕೊಟ್ಟಿದ್ದು ತೆಳು ಗ್ರಿಪ್ಪು. ಗಟ್ಟಿ ಹೊಡೆತಕ್ಕೆ ಕೈ ಝುಮ್ ಅಂದ್ರೆ ಮತ್ತೆ ಕುಶನ್ ಸುತ್ತೋಕೆ ಓಡಬೇಡ, ಚೆಂಡು ಹೀಲ್ (ಹೆಡ್ ಬಾಗೋಕೆ ಶುರುವಾಗೋ ಜಾಗ) ಕಡೆ ತಗಲ್ತಾ ಇದೆಯಾ ನೋಡ್ಕೋ. ಹೊಡೆಯೋ ಮೈ ಮೇಲೆ ಚಾಕ್‌ಪೀಸ್ ಸವರಿ ಹತ್ತು ಚೆಂಡು ಹೊಡೆದರೆ ಎಲ್ಲಿ ತಗಲ್ತಿದೆ ಅಂತ ಕಾಣುತ್ತೆ.

ಟರ್ಫ್‌ಹುಡುಗ

ಆ ಕುಶನ್ ಗ್ರಿಪ್ ಬೇಡ ಅಂದ್ರೆ ನನಗೆ ಕಳ್ಸಿ ಅಣ್ಣ 😄

ಹಳೇ_ಫುಲ್‌ಬ್ಯಾಕ್

ಒಮ್ಮೆ ಕಿತ್ತ ಗ್ರಿಪ್ಪಿನ ಗಮ್ ನಿಲ್ಲಲ್ಲ ಮಗಾ. ನಿನ್ನ ಹಾಸ್ಟೆಲ್ ಸೀನಿಯರ್ಸ್‌ಗೆ ಹೇಳಿ ಸೀಸ ತೆಗೆಸು ಮೊದಲು.