ಬಾಬಾಬುಡನ್‌ಗಿರಿ ಉಬ್ಬು ಮಾದರಿ: ಬೆಟ್ಟ ಚಪ್ಪಟೆ, ಪ್ಲಾಸ್ಟರ್ ಬಿರುಕು

ಪ್ರಶ್ನೆ
60×60 ಸೆಂ.ಮೀ. ಪ್ಲೈವುಡ್ ಮೇಲೆ ಬಾಬಾಬುಡನ್‌ಗಿರಿ ಸಾಲಿನ ಮಾದರಿ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಯಲ್ಲಿ (ಟೋಪೋಶೀಟ್) 100 ಮೀಟರಿಗೊಂದು ಸಮೋನ್ನತಿ ರೇಖೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಹಿಡಿದು, ಪ್ರತಿಯೊಂದಕ್ಕೂ 2 ಮಿ.ಮೀ. ರಟ್ಟು. ತಳ 700 ಮೀ. ಮುಳ್ಳಯ್ಯನಗಿರಿಯೇ (1,930 ಮೀ.) ಎದ್ದು ಕಾಣುತ್ತಿಲ್ಲ. ಮೇಲೆ ಬಳಿದ ಪ್ಲಾಸ್ಟರ್ ಆಫ್ ಪ್ಯಾರಿಸ್ ಮಾರನೇ ದಿನವೇ ಬಿರಿಯಿತು. ಎಲ್ಲಿ ತಪ್ಪಿದೆ?

ಉತ್ತರ 1
ಲೆಕ್ಕ ತಪ್ಪಿಲ್ಲ ಸರ್. ಆ ಅಳತೆಯಲ್ಲಿ 100 ಮೀಟರ್ ಅಂದರೆ 2 ಮಿ.ಮೀ.; ಇಡೀ 1,230 ಮೀಟರ್ ಏರು ಎರಡೂವರೆ ಸೆಂ.ಮೀ. ಕೂಡ ಮುಟ್ಟುವುದಿಲ್ಲ. ರಟ್ಟಿನ ಬದಲು 5 ಮಿ.ಮೀ. ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಫೋಮ್ ಹಾಳೆ) ಹಾಕಿ. 800ರಿಂದ 1,900ರವರೆಗೆ 12 ಪದರ, 6 ಸೆಂ.ಮೀ., ಅಂದರೆ ನಕ್ಷೆಯ ಅಳತೆಗಿಂತ ಎತ್ತರ 2.5 ಪಟ್ಟು. ಮೂರು ಪಟ್ಟು ದಾಟಿಸಿದರೆ ಹುಲ್ಲುಬೆಟ್ಟಗಳು ಸೂಜಿಯಂತೆ ಕಾಣುತ್ತವೆ. ಎಷ್ಟು ಪಟ್ಟು ಎಂದು ಮೂಲೆಯಲ್ಲಿ ಬರೆಯಲೇಬೇಕು.

ಪ್ರತಿ ಹಾಳೆಗೂ ಎರಡು ಗೆರೆ ಇಳಿಸಿ: ಕತ್ತರಿಸುವ ಗೆರೆ, ಮೇಲಿನ ಪದರ ಕೂರುವ ಗೆರೆ. ಇಲ್ಲದಿದ್ದರೆ ಪದರ ಜರುಗುತ್ತಾ ಹೋಗಿ ಕಣಿವೆಯೇ ಜಾಗ ಬದಲಿಸುತ್ತದೆ. ಎರಡು ಸನ್‌ಬೋರ್ಡ್ ನಡುವೆ ಫೆವಿಕಾಲ್ ಬೇಗ ಒಣಗದು, ನೀರು ಹೊರಹೋಗಲು ದಾರಿಯಿಲ್ಲ. ರಬ್ಬರ್ ಅಂಟನ್ನು ಎರಡೂ ಕಡೆ ತೆಳ್ಳಗೆ ಸವರಿ, ಜಿಗುಟಾದ ಮೇಲೆ ಒತ್ತಿ, ಆಮೇಲೆ ಸರಿಸಲಾಗದು. ಥರ್ಮೋಕೋಲ್ ಆದರೆ ತದ್ವಿರುದ್ಧ: ರಬ್ಬರ್ ಅಂಟು, ಸ್ಪ್ರೇ ಪೇಂಟ್ ಎರಡೂ ಅದನ್ನು ಕರಗಿಸುತ್ತವೆ, ಅದಕ್ಕೆ ಫೆವಿಕಾಲೇ ಸರಿ.

ಉತ್ತರ 2
ಬಿರುಕಿಗೆ ಕಾರಣ ರಟ್ಟು. ಪ್ಲಾಸ್ಟರ್ ಗಟ್ಟಿಯಾಗುವ ಮೊದಲೇ ಅದರ ನೀರು ಹೀರಿ ಉಬ್ಬಿತು, ಒಣಗುವಾಗ ಕುಗ್ಗಿತು. ಸನ್‌ಬೋರ್ಡ್ ಹೀರುವುದಿಲ್ಲ, ಆದರೆ ನುಣುಪು. ಉಪ್ಪುಕಾಗದದಲ್ಲಿ ಉಜ್ಜದಿದ್ದರೆ ಮೇಲಿನದು ಸಿಪ್ಪೆಯಂತೆ ಏಳುತ್ತದೆ. ಪ್ಲಾಸ್ಟರ್ ಬದಲು ನ್ಯೂಸ್‌ಪೇಪರ್ ರಾತ್ರಿಯಿಡೀ ನೆನೆಸಿ, ರುಬ್ಬಿ, ಹಿಂಡಿ, ಸ್ವಲ್ಪ ಸೀಮೆಸುಣ್ಣದ ಪುಡಿ ಬೆರೆಸಿ, ಉಂಡೆ ಒಡೆಯದಷ್ಟು ಫೆವಿಕಾಲ್ ಹಾಕಿ ನಾದಿ. ನೆರಳಿನಲ್ಲೇ ಒಣಗಿಸಿ.

ಹೆಚ್ಚಿನ ಮಾದರಿಗಳು ಕೆಡುವುದು ಇಲ್ಲಿ: ಮೆಟ್ಟಿಲುಗಳನ್ನು ಪೂರ್ತಿ ಮುಚ್ಚಿ ಬೆಟ್ಟವನ್ನು ಬೋಂಡದಂತೆ ದುಂಡಗೆ ಮಾಡುತ್ತಾರೆ. ಪದರದ ಹೊರ ಅಂಚೇ ನಿಜವಾದ ಸಮೋನ್ನತಿ ರೇಖೆ, ಅದು ಮುಳುಗಬಾರದು. ಒಳಮೂಲೆ ಮಾತ್ರ ತುಂಬಿ. ಏಣುಗಳ ಚೂಪು ಉಳಿಯಬೇಕು. ಹಳ್ಳಗಳನ್ನು ಹಸಿಯಿರುವಾಗಲೇ ಕಡ್ಡಿಯಲ್ಲಿ ಗೀರಿ.

ಪ್ರಶ್ನೆ ಕೇಳಿದವರು
ಧನ್ಯವಾದ. ಕಾಡಿಗೆ ಹಸಿರು ಬಣ್ಣ ಸಾಕೇ?

ಉತ್ತರ 2
ಎಲ್ಲೆಡೆ ಒಂದೇ ಹಸಿರು ಬೇಡ. ನೆತ್ತಿಗಳಲ್ಲಿ ಹುಲ್ಲು, ಬೆಟ್ಟದ ಮಡಿಕೆಗಳಲ್ಲಷ್ಟೇ ಶೋಲಾ ಕಾಡು (ಹುಲ್ಲುಬೆಟ್ಟಗಳ ನಡುವಿನ ದಟ್ಟ ಗಿಡ್ಡ ಕಾಡು). ಜರಡಿ ಹಿಡಿದ ಮರದ ಹೊಟ್ಟಿಗೆ ಗಾಢ ಹಸಿರು ಹಾಕಿ, ಒಣಗಿಸಿ, ಗೀರಿದ ಹಳ್ಳಗಳ ಅಕ್ಕಪಕ್ಕ ಅಂಟಿಸಿ. ಈ ಸಾಲು ಕುದುರೆ ಲಾಳದ ಆಕಾರ, ಬಾಯಿ ವಾಯವ್ಯಕ್ಕೆ; ಮಾದರಿಯನ್ನು ಇಡುವಾಗ ಆ ಬಾಯಿ ನೋಡುವವರ ಕಡೆಗಿದ್ದರೆ ಒಳಗಿನ ಜಾಗರ ಕಣಿವೆ ಪೂರ್ತಿ ಕಾಣುತ್ತದೆ.