ಟ್ರೇನಲ್ಲಿ ಬಿಳಿ ನೂಲು: ಬೂಷ್ಟೋ, ಬೇರೋ?

ಪ್ರಶ್ನೆ: ಪುಟ್ಟ ಮನೆ, ಒಂದೇ ಕಿಟಕಿ. ಮೈಕ್ರೋಗ್ರೀನ್ಸ್‌ಗೆ (ಎಳೆಯದಾಗಿದ್ದಾಗಲೇ ಕತ್ತರಿಸಿ ತಿನ್ನೋ ಪುಟ್ಟ ಸಸಿ) ಅಂತ ಟ್ರೇನಲ್ಲಿ ಮೂಲಂಗಿ ಬೀಜ ಒತ್ತೊತ್ತಾಗಿ ಹಾಕಿದ್ದು, ಮೂರನೇ ದಿನಕ್ಕೆ ಬುಡದಲ್ಲಿ ಬಿಳಿ ನೂಲು. ಎಸೀಬೇಕಾ?

ಉತ್ತರ 1: ತಡೀರಿ, ಮೊದಲು ನೀರು ಚಿಮುಕಿಸಿ ನೋಡಿ. ಬೇರಿನ ರೋಮವಾದ್ರೆ ಒದ್ದೆಯಾದ ಕೂಡಲೇ ಬೇರಿಗೆ ಅಂಟಿ ಕಾಣದಂತಾಗುತ್ತೆ. ಬೂಷ್ಟು ಹಾಗಲ್ಲ, ಜೇಡರ ಬಲೆ ಥರ ಬೀಜದಿಂದ ಬೀಜಕ್ಕೆ ಹಬ್ಬಿರುತ್ತೆ, ಮುಗ್ಗಲು ವಾಸನೆ ಬೇರೆ. ಅದನ್ನ ತಿನ್ನಬೇಡಿ, ಟ್ರೇ ತೊಳೆದು ಮತ್ತೆ ಬಿತ್ತಿ.

ಉತ್ತರ 2: ಒತ್ತೊತ್ತಾಗಿ ಹಾಕಿದ್ದೇ ತಪ್ಪು, ಗಾಳಿ ಆಡಲ್ಲ. 30×30 ಸೆಂ.ಮೀ. ಟ್ರೇಗೆ 20–25 ಗ್ರಾಂ ಬೀಜ, 2–3 ಸೆಂ.ಮೀ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಾಕು. ಮೊಳೆತ ಮೇಲೆ ನೀರನ್ನ ಕೆಳಗಿನ ತಟ್ಟೆಗೇ ಹಾಕಿ, 20 ನಿಮಿಷ ಬಿಟ್ಟು ಉಳಿದದ್ದು ಚೆಲ್ಲಿ. ಔಷಧಿ ಲೇಪಿಸಿದ ಬಣ್ಣದ ಬೀಜ ಬೇಡವೇ ಬೇಡ.

ಉತ್ತರ 3: ಕಾಂಡ ಉದ್ದುದ್ದ ಬೆಳೆದು ವಾಲಿದ್ರೆ ಬೆಳಕು ಸಾಲದು ಅಂತ. ದಿನಾ ಟ್ರೇ ತಿರುಗಿಸಿ. 8–10ನೇ ದಿನ ಕತ್ತರಿಸಬಹುದು.