ಕಡಿಮೆ ದುಡ್ಡಲ್ಲಿ ಸಿನಿಮಾ: ಮಾಡಿದವರು ಅನುಭವ ಹೇಳಿ

ಹಾಸನದ ಹತ್ತಿರ ನಮ್ಮೂರು. ಎರಡು ಕಿರುಚಿತ್ರ ಮಾಡಿದ್ದೇನೆ. ಈಗ ನಮ್ಮೂರಲ್ಲೇ, ಊರಿನವರನ್ನೇ ಹಾಕಿಕೊಂಡು ಪೂರ್ತಿ ಸಿನಿಮಾ ಮಾಡುವ ಆಸೆ. ಕೈಯಲ್ಲಿ 8 ಲಕ್ಷ ಇದೆ. ಬೆಂಗಳೂರಿನ ಕೆಲಸ ಬಿಡಲಾ? ದಯವಿಟ್ಟು ಹೇಳಿ.

ಉತ್ತರ 1

ಕೆಲಸ ಈಗಲೇ ಬಿಡಬೇಡಿ. ಮೊದಲು ಆ 8 ಲಕ್ಷವನ್ನು ಎರಡು ಗಂಟು ಮಾಡಿ. ಅರ್ಧ ಶೂಟಿಂಗಿಗೆ, ಇನ್ನರ್ಧ ಶೂಟಿಂಗ್ ಮುಗಿದ ಮೇಲಿನ ಕೆಲಸಕ್ಕೆ. ನಾನು ಹೀಗೆ ಮಾಡಲಿಲ್ಲ. 22 ದಿನ ಶೂಟ್ ಮಾಡಿದೆವು. ಕೊನೆಯ ದಿನ ಎಲ್ಲರ ಬಸ್ ಚಾರ್ಜ್ ಕೊಟ್ಟ ಮೇಲೆ ಅಕೌಂಟ್ ಖಾಲಿ. ಸಿನಿಮಾ 14 ತಿಂಗಳು ಹಾರ್ಡ್ ಡಿಸ್ಕಿನಲ್ಲೇ ಮಲಗಿತ್ತು. ಎಡಿಟಿಂಗ್, ಮಿಕ್ಸಿಂಗ್, ಕಲರ್, ಸಬ್‌ಟೈಟಲ್, ಸೆನ್ಸಾರ್, ಎಲ್ಲದಕ್ಕೂ ದುಡ್ಡು ಬೇಕು. ಸರ್ಕಾರದ ಸಬ್ಸಿಡಿ ನಂಬಿ ಸಾಲ ಮಾಡಬೇಡಿ. ಅದು ಬಂದರೂ ಸಿನಿಮಾ ಮುಗಿದ ಎಷ್ಟೋ ದಿನಕ್ಕೆ ಬರುತ್ತೆ.

ಕ್ಯಾಮೆರಾ ಯಾವುದಾದರೂ ನಡೆಯುತ್ತೆ. ಸೌಂಡಿಗೆ ಮಾತ್ರ ಜಿಪುಣತನ ಬೇಡ. ಹೊಲದ ಬದುವಿನ ಮೇಲೆ ಕೂತು ಮಾತಾಡಿದ ಅಜ್ಜಿಯನ್ನು ಮೂರು ತಿಂಗಳ ನಂತರ ಡಬ್ಬಿಂಗ್ ಸ್ಟುಡಿಯೋದಲ್ಲಿ ನಿಲ್ಲಿಸಿದರೆ ಆ ಮಾತು ಮತ್ತೆ ಹುಟ್ಟಲ್ಲ. ಸಿಂಕ್ ಸೌಂಡೇ ಮಾಡಿ, ಅಂದರೆ ಶೂಟಿಂಗ್ ಮಾಡುವಾಗಲೇ ಮಾತನ್ನೂ ರೆಕಾರ್ಡ್ ಮಾಡಿಕೊಳ್ಳಿ. ಒಬ್ಬ ಒಳ್ಳೆ ಸೌಂಡ್ ರೆಕಾರ್ಡಿಸ್ಟ್ ಬೇಕು, ಲೊಕೇಶನ್ ನೋಡೋಕೂ ಅವರನ್ನು ಕರೆದುಕೊಂಡು ಹೋಗಿ. ನಾವು ಹಾಗೆ ಹೋಗಲಿಲ್ಲ. ಚೆಂದದ ಹೆಂಚಿನ ಮನೆ ಸಿಕ್ಕಿತು ಅಂತ ಕುಣಿದಾಡಿದ್ದೆವು. ಶೂಟಿಂಗ್ ದಿನ ಹಿಂದಿನ ಬೀದಿಯಲ್ಲಿ ಹಿಟ್ಟಿನ ಗಿರಣಿ ಶುರುವಾಯಿತು. ನಟಿಸುತ್ತಿದ್ದ ಅಮ್ಮನ ಗರಿಗರಿ ಸೀರೆ ಬಟ್ಟೆಗೆ ಸಿಕ್ಕಿಸುವ ಲೇಪಲ್ ಮೈಕಿಗೆ ಉಜ್ಜಿ ಸರಸರ ಅನ್ನುತ್ತಿತ್ತು. ಕೊನೆಗೆ ಗಿರಣಿಯವರನ್ನು ಕೇಳಿಕೊಂಡು, ಮಧ್ಯಾಹ್ನ ಅವರು ಊಟಕ್ಕೆ ಹೋಗುವ ಒಂದು ಗಂಟೆಯಲ್ಲಿ ಸೀನ್ ತೆಗೆದೆವು. ಅಮ್ಮ ಹಳೇ ಕಾಟನ್ ಸೀರೆ ಉಟ್ಟುಕೊಂಡರು. ಇನ್ನೊಂದು ಮಾತು: ಸದ್ದು ಮೈಕಿಗೆ ಬೀಳಬಾರದು ಅಂತ ಮನೆಯವರ ಫ್ರಿಜ್ ಆಫ್ ಮಾಡಿದಾಗ ಗಾಡಿ ಕೀ ಅದರೊಳಗೇ ಇಡಿ. ಹೊರಡುವಾಗ ಆನ್ ಮಾಡೋದು ಮರೆಯಲ್ಲ.

ಉತ್ತರ 2

ನಾನು ಪ್ರೊಡಕ್ಷನ್ ನೋಡಿಕೊಳ್ಳುವವಳು. ಊರಿನವರು ಪ್ರೀತಿಯಿಂದ ಬರ್ತಾರೆ ಅಂತ ಪುಕ್ಕಟೆ ದುಡಿಸಬೇಡಿ ತಮ್ಮಾ. ಕೂಲಿ ಬಿಟ್ಟು ಬರ್ತಾರೆ, ಅವತ್ತಿನ ಕೂಲಿ ಅವತ್ತೇ ಕೊಡಿ. ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿಗೆ ಕಾಲ್‌ಶೀಟ್ ಇಡಬೇಡಿ, ಯಾರೂ ಸಿಗಲ್ಲ. ಬಿತ್ತನೆ, ಕೊಯ್ಲು, ಜಾತ್ರೆ ನೋಡಿಕೊಂಡು ತಾರೀಕು ಹಾಕಿ. ಬಿಸಿ ಊಟ, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಒಂದು ಕೋಣೆ, ಬಾಗಿಲು ಸರಿ ಇರುವ ಬಚ್ಚಲು. ಇವೆಲ್ಲ ಬಜೆಟ್ಟಿನ ಮೊದಲ ಸಾಲಿನಲ್ಲೇ ಇರಬೇಕು. 'ತಿಥಿ' ಸಿನಿಮಾದಲ್ಲಿ ಮಂಡ್ಯ ಕಡೆಯ ಹಳ್ಳಿಯವರೇ ನಟಿಸಿದರು, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿಯೂ ಬಂತು. ಅದನ್ನು ನೋಡಿ ಎಷ್ಟೋ ಜನ ಹಳ್ಳಿಗೆ ಕ್ಯಾಮೆರಾ ಹೊತ್ತುಕೊಂಡು ಹೋಗ್ತಾರೆ. ಹಳ್ಳಿಯವರ ಜೊತೆ ಮೊದಲು ತಿಂಗಳುಗಟ್ಟಲೆ ಇರಬೇಕು, ಅದನ್ನು ಮರೀತಾರೆ. ನಿಮಗೆ ಅದು ಹುಟ್ಟೂರು. ಅದೇ ನಿಮ್ಮ ದೊಡ್ಡ ಬಂಡವಾಳ.

ಉತ್ತರ 3

ಹೊಟ್ಟೆಪಾಡಿನ ಬಗ್ಗೆ ಹೇಳ್ತೀನಿ. ಒಂದು ಕಸುಬು ಗಟ್ಟಿ ಮಾಡಿಕೊಳ್ಳಿ. ನಾನು ಎಡಿಟರ್. ಮದುವೆ ಸೀಸನ್ನಿನಲ್ಲಿ ಮದುವೆ ವಿಡಿಯೋ, ಮಿಕ್ಕ ದಿನ ಬೇರೆಯವರ ಸಿನಿಮಾ. ಮನೆ ಬಾಡಿಗೆ ಅದರಲ್ಲೇ ಹೋಗುತ್ತೆ. ನನ್ನ ಸಿನಿಮಾಕ್ಕೆ ಸೌಂಡ್ ಮಾಡಿದವರು, ನಾನು ಹಿಂದೆ ಎಡಿಟ್ ಮಾಡಿಕೊಟ್ಟಿದ್ದ ಗೆಳೆಯರೇ.

'ಲೂಸಿಯಾ' (2013) ಸಿನಿಮಾ ಥರ ಜನರಿಂದ ದುಡ್ಡು ಕೂಡಿಸುವ ಯೋಚನೆ ಇದ್ದರೆ, ಯಾರು ಎಷ್ಟು ಹಾಕಿದರು, ಲಾಭ ಬಂದರೆ ಯಾರಿಗೆ ಎಷ್ಟು ಅಂತ ಮೊದಲೇ ಕಾಗದದ ಮೇಲೆ ಬರೆಸಿ, ಸ್ವಂತ ಭಾವನಾದರೂ ಸರಿ. ರಫ್ ಕಟ್, ಅಂದರೆ ಮೊದಲ ಕಚ್ಚಾ ಎಡಿಟ್, ಆದ ಮೇಲೆ ಗೋವಾದ ಫಿಲ್ಮ್ ಬಜಾರಿಗೆ (ಈಗಿನ ಹೆಸರು ವೇವ್ಸ್ ಫಿಲ್ಮ್ ಬಜಾರ್, ಸಿನಿಮಾ ಮಾಡುವವರು, ಕೊಳ್ಳುವವರು ಸೇರುವ ಮೇಳ) ಅರ್ಜಿ ಹಾಕಿ. ನವೆಂಬರಿನಲ್ಲಿ ಇಫಿ (ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವ) ಜೊತೆಗೇ ನಡೆಯುತ್ತೆ. ಮುಗಿಯದ ಸಿನಿಮಾಗಳನ್ನು ಅನುಭವಿಗಳು ನೋಡಿ ಸಲಹೆ ಕೊಡುವ ಒಂದು ಲ್ಯಾಬ್ ಅಲ್ಲಿ ಇದೆ. ಅಷ್ಟರವರೆಗೆ ಸಿನಿಮಾವನ್ನು ಆನ್‌ಲೈನಿನಲ್ಲಿ ಎಲ್ಲೂ ಹಾಕಬೇಡಿ. ಎಷ್ಟೋ ಚಿತ್ರೋತ್ಸವಗಳು ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕು ಅಂತ ಕೇಳ್ತಾವೆ. ಮತ್ತೆ ದಿನಾ ರಾತ್ರಿ ಎರಡು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಬೇರೆ ಬೇರೆ ಮನೆಯಲ್ಲಿ ಇಡಿ.